ಕಣ್ಣೀರಿನಲ್ಲಿ ಕತ್ತರಿ ಕಂಡ ಫ್ಲೆಮಿಂಗ್

ಬಿ.ಟಿ.ಎಂ. ಬಡಾವಣೆಯಿಂದ ಸಿಲ್ಕ್ ಬೋರ್ಡ್ ಕಡೆಗೆ ಬಸ್ಸಿನ ಕಿಟಕಿ ಪಕ್ಕ ಕುಳಿತು ಹೋಗಿದ್ದೀರಾ? ಒಂದಲ್ಲ ಒಂದು ಸಲ ಕಣ್ಣಿಗೆ ಧೂಳು ಬಿದ್ದೇ ಬೀಳುತ್ತದೆ. ಧೂಳಿನ ಜೊತೆಗೆ ಬ್ಯಾಕ್ಟೀರಿಯಗಳೂ ಬರುತ್ತವೆ. ಕಣ್ಣು ಬೆಚ್ಚಗಿದೆ, ತೇವವಾಗಿದೆ. ಬ್ಯಾಕ್ಟೀರಿಯ ಬೆಳೆಯಲು ಇನ್ನೇನು ಬೇಕು? ಆದರೂ ನಮ್ಮ ಕಣ್ಣು ದಿನವೂ ಕೆಂಪಾಗಿ ಕೀವು ತುಂಬಿಕೊಳ್ಳುವುದಿಲ್ಲ. ಸ್ವಲ್ಪ ನೀರು ಬರುತ್ತದೆ, ಕಣ್ಣು ಮಿಟುಕಿಸುತ್ತೇವೆ, ಸರಿಹೋಗುತ್ತದೆ. ಆ ನೀರಿನಲ್ಲಿ ಏನಿದೆ ಎಂದು ಸುಮಾರು ನೂರು ವರ್ಷಗಳ ಹಿಂದೆ ಹುಡುಕಿ ನೋಡಿದವರು ಅಲೆಕ್ಸಾಂಡರ್ ಫ್ಲೆಮಿಂಗ್.

ಈ ಹೆಸರನ್ನು ನೀವು ಪೆನಿಸಿಲಿನ್ ಪಾಠದಲ್ಲಿ ಓದಿರುತ್ತೀರಿ. ಆದರೆ ಪೆನಿಸಿಲಿನ್‌ಗಿಂತ ಏಳು ವರ್ಷ ಮೊದಲೇ ಅವರು ಇನ್ನೊಂದನ್ನು ಕಂಡುಹಿಡಿದಿದ್ದರು. ನನ್ನ ಮಟ್ಟಿಗೆ ಎರಡರಲ್ಲಿ ಅದೇ ಹೆಚ್ಚು ಸ್ವಾರಸ್ಯದ ಕಥೆ. ಆದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ.

ಫ್ಲೆಮಿಂಗ್ ಹುಟ್ಟಿದ್ದು 1881ರ ಆಗಸ್ಟ್ 6ರಂದು, ಸ್ಕಾಟ್ಲೆಂಡಿನ ಏರ್‌ಷೈರ್ ಎಂಬಲ್ಲಿ, ಡಾರ್ವೆಲ್ ಪಟ್ಟಣದ ಹತ್ತಿರದ ಒಂದು ಕುರಿ ಸಾಕುವ ಹೊಲಮನೆಯಲ್ಲಿ. ಹುಡುಗನಿಗೆ ಏಳು ವರ್ಷವಾದಾಗ ತಂದೆ ತೀರಿಕೊಂಡರು. ತಾಯಿ ಮತ್ತು ಹಿರಿಯಣ್ಣ ಹೊಲ ನೋಡಿಕೊಂಡರು. ಶಾಲೆ ದೂರ. ಮೈಲಿಗಟ್ಟಲೆ ನಡೆಯಬೇಕು, ಚಳಿಗಾಲದಲ್ಲಿ ಹಿಮ ಬೇರೆ. ಬೆಳಿಗ್ಗೆ ತಾಯಿ ಜೇಬಿಗೆ ಬಿಸಿ ಆಲೂಗಡ್ಡೆ ಹಾಕಿ ಕಳಿಸುತ್ತಿದ್ದರಂತೆ. ದಾರಿಯಲ್ಲಿ ಕೈ ಬೆಚ್ಚಗಾಗಲು ಅದು, ಮಧ್ಯಾಹ್ನ ಊಟಕ್ಕೂ ಅದೇ! ಬೆಟ್ಟಗುಡ್ಡ, ಹಳ್ಳಗಳಲ್ಲಿ ಹಕ್ಕಿ ಗೂಡು, ಮೀನು ಹುಡುಕುತ್ತ ಬೆಳೆದ ಹುಡುಗ. ಸಣ್ಣ ಬದಲಾವಣೆಯನ್ನೂ ಗಮನಿಸುವ ಕಣ್ಣು ಅವನಿಗೆ ಅಲ್ಲಿಯೇ ಬಂದಿರಬೇಕು.

ಹದಿಮೂರು ಹದಿನಾಲ್ಕನೆಯ ವಯಸ್ಸಿಗೆ ಲಂಡನ್ನಿನಲ್ಲಿದ್ದ ಅಣ್ಣನ ಮನೆ ಸೇರಿದ. ಸ್ವಲ್ಪ ಓದು, ಆಮೇಲೆ ಹಡಗು ಕಂಪನಿಯ ಕಚೇರಿಯಲ್ಲಿ ನಾಲ್ಕು ವರ್ಷ ಗುಮಾಸ್ತನ ಕೆಲಸ. ಪತ್ರ ನಕಲು ಮಾಡುವುದು, ಲೆಕ್ಕ ಬರೆಯುವುದು. ಹೀಗೇ ಜೀವನ ಮುಗಿದುಹೋಗುತ್ತಿತ್ತೋ ಏನೋ. ಆದರೆ 1901ರಲ್ಲಿ ಬಂಧುವೊಬ್ಬರು ತೀರಿಕೊಂಡು, ಅವರ ಆಸ್ತಿಯಲ್ಲಿ 250 ಪೌಂಡ್ ಇವನ ಪಾಲಿಗೆ ಬಂತು. ಆ ಹಣದಿಂದ ವೈದ್ಯಕೀಯ ಓದು ಶುರುವಾಯಿತು. (ಚರ್ಚಿಲ್ ಎಂಬ ಶ್ರೀಮಂತರ ಮಗನನ್ನು ಕೆಸರಿನಿಂದ ಎತ್ತಿ ಕಾಪಾಡಿದ್ದಕ್ಕೆ ಅವರು ಫ್ಲೆಮಿಂಗ್‌ನನ್ನು ಓದಿಸಿದರು ಎಂಬ ಕಥೆಯನ್ನು ಯಾರಾದರೂ ಹೇಳಿದರೆ ನಂಬಬೇಡಿ. ಕೇಳಲು ಚೆನ್ನಾಗಿದೆ, ಆದರೆ ಅದು ಕಟ್ಟುಕಥೆ.) ಲಂಡನ್ನಿನಲ್ಲಿ ವೈದ್ಯಕೀಯ ಕಾಲೇಜುಗಳು ಹಲವಾರು ಇದ್ದವು. ಅವನು ಸೇರಿದ್ದು ಸೇಂಟ್ ಮೇರಿ ಆಸ್ಪತ್ರೆಯ ಕಾಲೇಜು. ಕಾರಣ? ಆ ಕಾಲೇಜಿನ ತಂಡದ ಎದುರು ಒಮ್ಮೆ ವಾಟರ್ ಪೋಲೊ ಆಡಿದ್ದ, ಅಷ್ಟೇ. 1906ರಲ್ಲಿ ಓದು ಮುಗಿದಾಗ ಅಲ್ಲಿನ ಬಂದೂಕು ಗುರಿ ತಂಡದವರು ಒಳ್ಳೆಯ ಗುರಿಕಾರನನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಆಲ್ಮ್‌ರಾತ್ ರೈಟ್ ಎಂಬ ಹೆಸರಾಂತ ವೈದ್ಯರ ಪ್ರಯೋಗಾಲಯದಲ್ಲಿ ಕೆಲಸ ಕೊಡಿಸಿದರು. ಫ್ಲೆಮಿಂಗ್ ಆ ಆಸ್ಪತ್ರೆಯನ್ನು ಕೊನೆಯವರೆಗೂ ಬಿಡಲಿಲ್ಲ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ರೈಟ್ ಮತ್ತು ಫ್ಲೆಮಿಂಗ್ ಫ್ರಾನ್ಸಿನ ಬೊಲೋನ್ ಎಂಬ ಊರಿಗೆ ಹೋದರು. ಅಲ್ಲಿನ ಜೂಜಾಟದ ದೊಡ್ಡ ಕಟ್ಟಡವೊಂದು ಸೈನಿಕರ ಆಸ್ಪತ್ರೆಯಾಗಿತ್ತು. ಗುಂಡು, ಸಿಡಿಮದ್ದಿನ ಚೂರು ತಗುಲಿದ ಸೈನಿಕರು ಸಾಲುಸಾಲಾಗಿ ಬರುತ್ತಿದ್ದರು. ಗಾಯದೊಳಗೆ ಮಣ್ಣು, ಗೊಬ್ಬರ, ಹರಿದ ಬಟ್ಟೆಯ ಚೂರು. ಗಾಯ ಮಾತ್ರವೇ ಆಗಿದ್ದರೆ ಬದುಕಬಹುದಾಗಿದ್ದ ಎಷ್ಟೋ ಯುವಕರು ಗಾಯ ಕೊಳೆತು, ಧನುರ್ವಾಯು ತಗುಲಿ ಸತ್ತರು.

ಆಗಿನ ವೈದ್ಯರು ಏನು ಮಾಡುತ್ತಿದ್ದರು ಗೊತ್ತೇ? ಕಾರ್ಬಾಲಿಕ್ ಆಮ್ಲದಂತಹ ಕಟುವಾದ ನಂಜುನಿವಾರಕ ದ್ರವಗಳನ್ನು ಗಾಯಕ್ಕೆ ಸುರಿಯುತ್ತಿದ್ದರು. ರೋಗಾಣು ಸಾಯಬೇಕಲ್ಲ? ಆದರೆ ಗಾಯ ವಾಸಿಯಾಗುತ್ತಿರಲಿಲ್ಲ. ಫ್ಲೆಮಿಂಗ್ ಒಂದು ಸರಳವಾದ ಪ್ರಯೋಗ ಮಾಡಿದರು. ಗಾಜಿನ ಪ್ರನಾಳವನ್ನು ಬೆಂಕಿಯಲ್ಲಿ ಕಾಯಿಸಿ, ಅದರ ತಳದಿಂದ ಮುಳ್ಳುಮುಳ್ಳಾದ ಟೊಳ್ಳು ಕೊಂಬುಗಳನ್ನು ಎಳೆದರು. ಸಿಡಿಮದ್ದಿನಿಂದಾದ ಗಾಯವೂ ಹೀಗೆಯೇ ತಾನೇ, ಒಳಗೆಲ್ಲ ಸಂದುಗೊಂದು? ಅದರಲ್ಲಿ ರೋಗಾಣು ತುಂಬಿಸಿ, ನಂಜುನಿವಾರಕ ಹಾಕಿ ತೊಳೆದರು. ಮತ್ತೆ ಶುದ್ಧವಾದ ದ್ರವ ತುಂಬಿಸಿಟ್ಟರೆ ಮರುದಿನ ರೋಗಾಣುಗಳು ಮತ್ತೆ ಕಿಕ್ಕಿರಿದಿದ್ದವು! ಸಂದುಗಳಲ್ಲಿ ಅಡಗಿದ್ದವಕ್ಕೆ ದ್ರವ ತಲುಪಿಯೇ ಇರಲಿಲ್ಲ. ಇನ್ನೊಂದು ವಿಷಯ ಇನ್ನೂ ಕೆಟ್ಟದ್ದು. ರೋಗಾಣುಗಳ ಜೊತೆ ಹೋರಾಡಲು ನಮ್ಮ ರಕ್ತದಲ್ಲಿರುವ ಬಿಳಿರಕ್ತಕಣಗಳನ್ನು ಆ ದ್ರವಗಳು ಮೊದಲು ಕೊಲ್ಲುತ್ತಿದ್ದವು. ಶತ್ರುವಿಗಿಂತ ಮುಂಚೆ ನಮ್ಮ ಕಾವಲುಗಾರನೇ ಸತ್ತರೆ ಹೇಗೆ? ಶುದ್ಧವಾದ ಉಪ್ಪುನೀರಿನಿಂದ ತೊಳೆದು ಬಿಡುವುದೇ ಮೇಲು ಎಂದು ರೈಟ್ ಮತ್ತು ಫ್ಲೆಮಿಂಗ್ ಹೇಳಿದರು. ಹಲವು ವೈದ್ಯರು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂದಿನಿಂದ ಫ್ಲೆಮಿಂಗ್ ಅವರ ತಲೆಯಲ್ಲಿ ಒಂದೇ ಪ್ರಶ್ನೆ. ರೋಗಾಣುವನ್ನು ಕೊಂದು, ನಮ್ಮ ಜೀವಕೋಶಗಳನ್ನು ಮುಟ್ಟದೆ ಬಿಡುವ ವಸ್ತು ಎಲ್ಲಾದರೂ ಇದೆಯೇ?

1921ರ ನವೆಂಬರ್. ಫ್ಲೆಮಿಂಗ್ ಅವರಿಗೆ ನೆಗಡಿ. ಬೇರೆಯವರಾಗಿದ್ದರೆ ಮೂಗು ಒರೆಸಿಕೊಂಡು ಸುಮ್ಮನಾಗುತ್ತಿದ್ದರು. ಅವರು ತಮ್ಮದೇ ಸಿಂಬಳವನ್ನು ಬ್ಯಾಕ್ಟೀರಿಯ ಬೆಳೆಸುವ ಗಾಜಿನ ತಟ್ಟೆಗೆ ಹಾಕಿಟ್ಟರು. (ಮುಖ ಸಿಂಡರಿಸಬೇಡಿ, ಮುಂದೆ ಓದಿ.) ಸುಮಾರು ಎರಡು ವಾರದ ಮೇಲೆ ನೋಡಿದರೆ ತಟ್ಟೆಯ ತುಂಬ ಹಳದಿ ಬಣ್ಣದ ಬ್ಯಾಕ್ಟೀರಿಯ ಗುಂಪುಗಳು. ಎಲ್ಲಿಂದಲೋ ಗಾಳಿಯಲ್ಲಿ ಬಂದು ಕುಳಿತಿದ್ದವು. ಆದರೆ ಸಿಂಬಳ ಇದ್ದ ಜಾಗದ ಸುತ್ತ ಮಾತ್ರ ಅವು ಇರಲಿಲ್ಲ. ಹತ್ತಿರವಿದ್ದವು ಕರಗಿ ಗಾಜಿನಂತೆ ಪಾರದರ್ಶಕವಾಗಿದ್ದವು.

ಅವರು ಜೊತೆಗಾರ ಆಲಿಸನ್ ಅವರನ್ನು ಕರೆದು ತೋರಿಸಿದರು. ಆ ಹಳದಿ ಬ್ಯಾಕ್ಟೀರಿಯವನ್ನು ನೀರಿನಲ್ಲಿ ಕಲಸಿದರೆ ಪ್ರನಾಳದಲ್ಲಿ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿ ಕಾಣುತ್ತದೆ. ಅದಕ್ಕೆ ಒಂದು ತೊಟ್ಟು ಸಿಂಬಳ ಹಾಕಿದರು. ಎರಡು ನಿಮಿಷ ಕಳೆಯುವುದರೊಳಗೆ ನೀರು ತಿಳಿಯಾಯಿತು! ಬ್ಯಾಕ್ಟೀರಿಯಗಳೆಲ್ಲ ಒಡೆದುಹೋಗಿದ್ದವು. ಒಂದು ತೊಟ್ಟು ಕಣ್ಣೀರು ಹಾಕಿದರೂ ಹಾಗೆಯೇ ಆಯಿತು.

ಇನ್ನು ಮುಂದಿನ ಕೆಲವು ವಾರ ಆ ಪ್ರಯೋಗಾಲಯದಲ್ಲಿ ಕಣ್ಣೀರಿಗೆ ಭಾರಿ ಬೇಡಿಕೆ. ಫ್ಲೆಮಿಂಗ್ ಮತ್ತು ಆಲಿಸನ್ ನಿಂಬೆಹಣ್ಣು ಕೊಯ್ದು ಕಣ್ಣಿಗೆ ರಸ ಹಿಂಡಿಕೊಂಡು ಅಳುತ್ತಿದ್ದರು. ಪ್ರಯೋಗಾಲಯದ ಸಹಾಯಕರನ್ನೂ ಅಳಿಸಿದರು. ಪ್ರತಿ ಸಲಕ್ಕೆ ಮೂರು ಪೆನ್ಸ್ ಸಂಭಾವನೆ. ಆಸ್ಪತ್ರೆಯ ಪತ್ರಿಕೆಯಲ್ಲಿ ಇದರ ಬಗ್ಗೆ ವ್ಯಂಗ್ಯಚಿತ್ರವೂ ಬಂತು. ಕಣ್ಣೀರಷ್ಟೇ ಅಲ್ಲ, ಎಂಜಲು, ಹಾಲು, ಹಸಿ ಮೊಟ್ಟೆಯ ಬಿಳಿಭಾಗ, ಟರ್ನಿಪ್ ಎಂಬ ಗಡ್ಡೆ, ಹೀಗೆ ಎಲ್ಲೆಲ್ಲೂ ಆ ವಸ್ತು ಸಿಕ್ಕಿತು. ಎಲ್ಲಕ್ಕಿಂತ ಹೆಚ್ಚಾಗಿ ಇದ್ದದ್ದು ಮೊಟ್ಟೆಯ ಬಿಳಿಭಾಗದಲ್ಲಿ. ಯೋಚಿಸಿ: ಮರಿ ಹೊರಬರುವವರೆಗೂ ಮೊಟ್ಟೆ ಮಣ್ಣು, ಹುಲ್ಲು, ಹಿಕ್ಕೆಯ ನಡುವೆ ಮೂರು ವಾರ ಇರುತ್ತದೆ. ಒಳಗೆ ಕಾವಲು ಬೇಡವೇ? (ನಿಮ್ಮ ಶಾಲೆಯ ಬಿಸಿಯೂಟದ ಮೊಟ್ಟೆಯನ್ನು ಬೇಯಿಸಿರುತ್ತಾರೆ. ಹಾಗೆ ಬೆಂದಾಗ ಈ ವಸ್ತು ತನ್ನ ಆಕಾರ ಕಳೆದುಕೊಂಡು ಕೆಲಸ ಮಾಡದು. ಆದರೆ ಪ್ರೋಟೀನಾಗಿ ನಿಮ್ಮ ಹೊಟ್ಟೆಗೆ ಒಳ್ಳೆಯದೇ.)

ಅದೊಂದು ಕಿಣ್ವ. ಕಿಣ್ವ ಎಂದರೆ ಜೀವಿಗಳ ದೇಹದಲ್ಲಿ ರಾಸಾಯನಿಕ ಕೆಲಸವನ್ನು ಬೇಗ ಮಾಡಿಸುವ ವಸ್ತು. ರೈಟ್ ಅವರು ಅದಕ್ಕೆ ಲೈಸೋಜೈಮ್ ಎಂದು ಹೆಸರಿಟ್ಟರು; ಕರಗಿಸುವ ಕಿಣ್ವ ಎಂದು ಅರ್ಥ. 1922ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಫ್ಲೆಮಿಂಗ್ ಅವರ ಲೇಖನ ಪ್ರಕಟವಾಯಿತು.

ಈ ಕಿಣ್ವ ಬ್ಯಾಕ್ಟೀರಿಯವನ್ನು ಒಡೆಯುವುದು ಹೇಗೆ? ನಿಮ್ಮ ಸೈಕಲ್ಲಿನ ಚಕ್ರ ನೋಡಿ. ಒಳಗೆ ಮೆತ್ತನೆಯ ಟ್ಯೂಬು, ಹೊರಗೆ ಗಟ್ಟಿ ಟೈರು. ಟ್ಯೂಬಿಗೆ ಎಷ್ಟು ಗಾಳಿ ತುಂಬಿದರೂ ಟೈರು ಹಿಡಿದಿಟ್ಟುಕೊಳ್ಳುತ್ತದೆ. ಟೈರು ಒಂದು ಕಡೆ ಸೀಳಿದರೆ? ಟ್ಯೂಬು ಅಲ್ಲಿಂದ ಗುಳ್ಳೆಯಂತೆ ಹೊರಬಂದು ಢಂ ಎನ್ನುತ್ತದೆ. ಬ್ಯಾಕ್ಟೀರಿಯವೂ ಹೀಗೆಯೇ. ಅದರ ತೆಳುಪೊರೆಯ ಹೊರಗೆ ಕೋಶಭಿತ್ತಿ ಎಂಬ ಗಟ್ಟಿ ಹೊದಿಕೆ ಇದೆ. ಒಳಗಿನ ಒತ್ತಡ ಸಾಮಾನ್ಯದ್ದಲ್ಲ. ಕೆಲವು ಬ್ಯಾಕ್ಟೀರಿಯಗಳಲ್ಲಿ ಅದು ಸೈಕಲ್ ಟ್ಯೂಬಿನದ್ದಕ್ಕಿಂತಲೂ ಹೆಚ್ಚು. ಭಿತ್ತಿ ಸೀಳಿದರೆ ಬ್ಯಾಕ್ಟೀರಿಯ ಒಡೆದಂತೆಯೇ.

ಆ ಭಿತ್ತಿಯನ್ನು ಇನ್ನೂ ಹತ್ತಿರದಿಂದ ನೋಡೋಣ. ಗಾಂಧಿ ಬಜಾರಿನಲ್ಲಿ ಮಲ್ಲಿಗೆ, ಕನಕಾಂಬರ, ಮಲ್ಲಿಗೆ, ಕನಕಾಂಬರ ಎಂದು ಒಂದು ಬಿಟ್ಟು ಒಂದು ಸೇರಿಸಿ ಹೂ ಕಟ್ಟುತ್ತಾರಲ್ಲ, ಹಾಗೆಯೇ ಕೋಶಭಿತ್ತಿಯಲ್ಲಿ ಎರಡು ಬಗೆಯ ಸಕ್ಕರೆ ಅಣುಗಳು ಸಾಲಾಗಿ ಪೋಣಿಸಿಕೊಂಡಿವೆ. ವಿಜ್ಞಾನಿಗಳು ಅವುಗಳ ಉದ್ದ ಹೆಸರನ್ನು ಮೊಟಕು ಮಾಡಿ ನ್ಯಾಮ್, ನ್ಯಾಗ್ ಎನ್ನುತ್ತಾರೆ. ಇಂತಹ ಅನೇಕ ಮಾಲೆಗಳು ಅಕ್ಕಪಕ್ಕ ಇದ್ದು, ಅಮೈನೊ ಆಮ್ಲಗಳ ಗಿಡ್ಡ ದಾರಗಳಿಂದ ಒಂದಕ್ಕೊಂದು ಕಟ್ಟಿಕೊಂಡಿವೆ. ಇಡೀ ಬ್ಯಾಕ್ಟೀರಿಯಕ್ಕೆ ಬಲೆಯ ಚೀಲ ತೊಡಿಸಿದಂತೆ. ಲೈಸೋಜೈಮ್ ಎಂಬ ಕತ್ತರಿ ನ್ಯಾಮ್ ಆದ ಮೇಲೆ ನ್ಯಾಗ್ ಬರುವ ಗಂಟನ್ನು ಹುಡುಕಿ ಕತ್ತರಿಸುತ್ತದೆ. ನಮ್ಮ ಜೀವಕೋಶಗಳಿಗೆ ಈ ಭಿತ್ತಿಯೇ ಇಲ್ಲ. ಆದ್ದರಿಂದ ಕತ್ತರಿಗೆ ಅಲ್ಲಿ ಕೆಲಸವೂ ಇಲ್ಲ. ಯುದ್ಧಭೂಮಿಯಲ್ಲಿ ಫ್ಲೆಮಿಂಗ್ ಹುಡುಕುತ್ತಿದ್ದುದು ಇದನ್ನೇ ಅಲ್ಲವೇ?

ಆದರೆ ಸಂತೋಷ ಬಹಳ ದಿನ ಉಳಿಯಲಿಲ್ಲ. ಆ ಹಳದಿ ಬ್ಯಾಕ್ಟೀರಿಯ ಯಾರಿಗೂ ರೋಗ ತರುವಂಥದ್ದಲ್ಲ. ನಿಜವಾದ ರೋಗಾಣುಗಳ ಮೇಲೆ ಹಾಕಿದಾಗ ಲೈಸೋಜೈಮ್ ಹೆಚ್ಚೇನೂ ಮಾಡಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಕಣ್ಣು ಮೂಗುಗಳಲ್ಲಿ ಕತ್ತರಿ ಸದಾ ಸಿದ್ಧವಾಗಿರುವಾಗ, ಅದರಿಂದ ತಪ್ಪಿಸಿಕೊಳ್ಳಬಲ್ಲ ಬ್ಯಾಕ್ಟೀರಿಯಗಳಿಗೆ ಮಾತ್ರ ನಮಗೆ ರೋಗ ತರುವುದು ಸಾಧ್ಯ. ಕೆಲವು ಭಿತ್ತಿಯ ಹೊರಗೆ ಇನ್ನೊಂದು ಪೊರೆ ಹೊದ್ದಿರುತ್ತವೆ. ಕುರು, ಕೀವು ತರುವ ಸ್ಟ್ಯಾಫಿಲೊಕಾಕಸ್ ತನ್ನ ಸಕ್ಕರೆ ಅಣುಗಳಿಗೆ ಪುಟ್ಟ ರಾಸಾಯನಿಕ ತೇಪೆ ಹಾಕಿಕೊಂಡು ಕತ್ತರಿ ಕೂರದಂತೆ ಮಾಡಿಕೊಂಡಿದೆ. ವೈದ್ಯರ ಸಭೆಯಲ್ಲಿ ಫ್ಲೆಮಿಂಗ್ ಲೈಸೋಜೈಮ್ ಬಗ್ಗೆ ಭಾಷಣ ಮಾಡಿದಾಗ ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಅವರ ಮಾತುಗಾರಿಕೆಯೂ ಅಷ್ಟಕ್ಕಷ್ಟೇ. ಮೆಲುದನಿ, ಒಣ ಮಾತು. ಆದರೂ ಅವರು ಲೈಸೋಜೈಮ್ ಕೈಬಿಡದೆ ಮುಂದೆ ಹಲವು ವರ್ಷ ಅದರ ಮೇಲೆ ಲೇಖನ ಬರೆಯುತ್ತಲೇ ಇದ್ದರು.

ಪೆನಿಸಿಲಿನ್ ಕಥೆ ನಿಮಗೆ ಗೊತ್ತಿರುವುದರಿಂದ ಬೇಗ ಹೇಳುತ್ತೇನೆ. 1928ರ ಸೆಪ್ಟೆಂಬರಿನಲ್ಲಿ ರಜೆ ಮುಗಿಸಿ ಬಂದ ಫ್ಲೆಮಿಂಗ್, ಸ್ಟ್ಯಾಫಿಲೊಕಾಕಸ್ ಬೆಳೆದಿದ್ದ ತಟ್ಟೆಯೊಂದರಲ್ಲಿ ಬೂಷ್ಟು ಹಿಡಿದಿದ್ದನ್ನು ಕಂಡರು. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಗಳು ಕರಗಿದ್ದವು. ಇಂತಹ ದೃಶ್ಯವನ್ನು ಏಳು ವರ್ಷದ ಹಿಂದೆಯೇ ನೋಡಿದ್ದವರು ಅವರು! ತಟ್ಟೆಯನ್ನು ಎಸೆಯದೆ ಇಟ್ಟುಕೊಂಡರು. ಬೂಷ್ಟಿನಿಂದ ಬಂದ ವಸ್ತುವಿಗೆ ಪೆನಿಸಿಲಿನ್ ಎಂದು ಕರೆದು 1929ರಲ್ಲಿ ಲೇಖನ ಬರೆದರು. ಆದರೆ ಅದನ್ನು ಶುದ್ಧ ಮಾಡಲು ಅವರ ಕೈಯಲ್ಲಿ ಆಗಲಿಲ್ಲ.

ಇಲ್ಲೊಂದು ತಿರುವು ಇದೆ, ಬಹಳ ಪುಸ್ತಕಗಳು ಇದನ್ನು ಬಿಟ್ಟುಬಿಡುತ್ತವೆ. ಆಕ್ಸ್‌ಫರ್ಡಿನಲ್ಲಿ ಹೋವರ್ಡ್ ಫ್ಲೋರಿ ಮತ್ತು ಅರ್ನ್ಸ್ಟ್ ಚೈನ್ ಎಂಬ ವಿಜ್ಞಾನಿಗಳು ಕೆಲಸ ಮಾಡುತ್ತಿದ್ದುದು ಲೈಸೋಜೈಮ್ ಮೇಲೆ. ಅದು ಏನನ್ನು ಕತ್ತರಿಸುತ್ತದೆ ಎಂದು ಹುಡುಕುತ್ತಿದ್ದರು. ಬ್ಯಾಕ್ಟೀರಿಯ ಕೊಲ್ಲುವ ಇಂತಹ ಬೇರೆ ವಸ್ತುಗಳೂ ಇವೆಯೇ ಎಂದು ಹಳೆಯ ಪತ್ರಿಕೆಗಳನ್ನು ತಿರುವುವಾಗ 1938ರಲ್ಲಿ ಚೈನ್ ಅವರ ಕಣ್ಣಿಗೆ ಬಿದ್ದದ್ದು ಫ್ಲೆಮಿಂಗ್ ಅವರ ಪೆನಿಸಿಲಿನ್ ಲೇಖನ! ಯಾರಿಗೂ ಬೇಡವಾಗಿದ್ದ ಕಣ್ಣೀರಿನ ಕಿಣ್ವವೇ ಪೆನಿಸಿಲಿನ್ ಬಳಿಗೆ ದಾರಿ ತೋರಿಸಿತು. 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ರೋಗಾಣು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಔಷಧಿ ಸಿಗದ ನಾಲ್ಕೂ ಸತ್ತಿದ್ದವು, ಉಳಿದವು ಓಡಾಡುತ್ತಿದ್ದವು.

ಪೆನಿಸಿಲಿನ್ ಕೆಲಸವೂ ಕೋಶಭಿತ್ತಿಯಲ್ಲೇ. ಆದರೆ ಅದು ಕತ್ತರಿಯಲ್ಲ. ಬ್ಯಾಕ್ಟೀರಿಯ ಬೆಳೆಯುವಾಗ ಹೊಸ ಮಾಲೆಗಳನ್ನು ಸೇರಿಸಿ ದಾರ ಕಟ್ಟಬೇಕು. ಆ ದಾರ ಕಟ್ಟುವ ಕಿಣ್ವದ ಕೈಗಳನ್ನು ಪೆನಿಸಿಲಿನ್ ಹಿಡಿದುಬಿಡುತ್ತದೆ. ಗಂಟು ಬೀಳದ ಭಿತ್ತಿ ಒತ್ತಡ ತಡೆಯದು. ಹೀಗೆ ಭಿತ್ತಿ ಕಡಿಯುವುದನ್ನೂ ಭಿತ್ತಿ ಕಟ್ಟುವುದನ್ನು ತಡೆಯುವುದನ್ನೂ ಒಬ್ಬರೇ ಕಂಡುಹಿಡಿದರು. ಕಂಡುಹಿಡಿದಾಗ ಭಿತ್ತಿ ಯಾವುದರಿಂದ ಆಗಿದೆ ಎಂದು ಯಾರಿಗೂ ತಿಳಿದಿರಲಿಲ್ಲ ಎಂಬುದು ಬೇರೆ ಮಾತು.

1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ನೊಬೆಲ್ ಬಹುಮಾನ ಬಂತು. ಆ ಸಮಾರಂಭಕ್ಕೆ ಹೋದಾಗ ಮಾಡಿದ ಭಾಷಣದಲ್ಲಿ ಫ್ಲೆಮಿಂಗ್ ಒಂದು ಎಚ್ಚರಿಕೆ ಕೊಟ್ಟರು. ಗಂಟಲು ನೋವು ಬಂದವನೊಬ್ಬ ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ತೆಗೆದುಕೊಂಡರೆ ಏನಾಗುತ್ತದೆ ಎಂದು ಕಲ್ಪಿಸಿ ಹೇಳಿದರು. ರೋಗಾಣುಗಳು ಸಾಯುವುದಿಲ್ಲ, ಔಷಧಿಗೆ ಜಗ್ಗದಂತಾಗುತ್ತವೆ. ಅವು ಅವನ ಹೆಂಡತಿಗೆ ಅಂಟಿದಾಗ ಪೆನಿಸಿಲಿನ್ ಕೊಟ್ಟರೂ ಆಕೆ ಉಳಿಯುವುದಿಲ್ಲ. ಆ ಕಲ್ಪನೆ ನಿಜವಾಗಲು ಬಹಳ ಕಾಲ ಬೇಕಾಗಲಿಲ್ಲ. ಪೆನಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆಸ್ಪತ್ರೆಗಳಲ್ಲಿ ಹರಡಿತು. ಅದಕ್ಕೆಂದೇ 1959ರಲ್ಲಿ ಮೆಥಿಸಿಲಿನ್ ಎಂಬ ಹೊಸ ಔಷಧಿ ಬಂತು. ಎರಡೇ ವರ್ಷದಲ್ಲಿ ಅದಕ್ಕೂ ಬಗ್ಗದ ರೋಗಾಣು ಕಂಡುಬಂತು. ಮನೆಯಲ್ಲಿರುವ ಮಾತ್ರೆ ಪಟ್ಟಿಗಳನ್ನು ದೊಡ್ಡವರ ಜೊತೆ ಕುಳಿತು ನೋಡಿ. ಕೆಲವುಗಳ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಅವನ್ನು ಕೊಳ್ಳಬಾರದು ಎಂದು ಅದರ ಅರ್ಥ. ಪ್ರತಿಜೈವಿಕ ಮಾತ್ರೆಗಳ ಮೇಲಿನ ಈ ಗೆರೆಯನ್ನು ಜನರಿಗೆ ಪರಿಚಯಿಸಲು ನಮ್ಮ ದೇಶದಲ್ಲಿ 2016ರಲ್ಲಿ ಪ್ರಚಾರ ಶುರುವಾಯಿತು.

ಫ್ಲೆಮಿಂಗ್ 1955ರ ಮಾರ್ಚ್ 11ರಂದು ಲಂಡನ್ನಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 73. ಲೈಸೋಜೈಮ್ ನೋಡಲು ಹೇಗಿದೆ ಎಂಬುದು ಅವರಿಗೆ ಕೊನೆಗೂ ತಿಳಿಯಲಿಲ್ಲ. ಹತ್ತು ವರ್ಷದ ನಂತರ, 1965ರಲ್ಲಿ, ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು ಎಕ್ಸ್ ಕಿರಣ ಬಳಸಿ ಅದರ ಪೂರ್ಣ ಆಕಾರ ಬಿಡಿಸಿದರು. ಒಂದು ಕಿಣ್ವದ ಆಕಾರವನ್ನು ಮನುಷ್ಯರು ಹೀಗೆ ಕಂಡದ್ದು ಅದೇ ಮೊದಲು. ಕೋಳಿಮೊಟ್ಟೆಯ ಲೈಸೋಜೈಮಿನಲ್ಲಿ 129 ಅಮೈನೊ ಆಮ್ಲಗಳ ದಾರ ಸುತ್ತಿ ಎರಡು ಉಂಡೆಗಳಾಗಿದೆ. ನಡುವೆ ಒಂದು ಸೀಳು. ಆ ಸೀಳಿನಲ್ಲಿ ಆರು ಸಕ್ಕರೆ ಅಣುಗಳು ಸರಿಯಾಗಿ ಕೂರುತ್ತವೆ; ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಕತ್ತರಿ ಬೀಳುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡವೂ ಲೈಸೋಜೈಮ್ ಹರಳುಗಳನ್ನು ಬಹಳ ಅಧ್ಯಯನ ಮಾಡಿತು. ಹರಳಿನ ಸುತ್ತಲಿನ ತೇವ ಕಡಿಮೆ ಮಾಡಿದರೆ ಕಿಣ್ವದ ಆಕಾರ ಎಲ್ಲೆಲ್ಲಿ ಬದಲಾಗುತ್ತದೆ ಎಂದು ಅವರು ನೋಡಿದರು.

ಪ್ರೋಟೀನಿನಲ್ಲಿ ಹೀಗೆ ತಾನೇ ಮಡಚಿಕೊಂಡು ಒಂದು ಕೆಲಸ ವಹಿಸಿಕೊಳ್ಳುವ ತುಂಡಿಗೆ ಡೊಮೇನ್ ಎನ್ನುತ್ತಾರೆ. ಭಿತ್ತಿ ಕಡಿಯುವ ಎಷ್ಟೋ ಕಿಣ್ವಗಳಲ್ಲಿ ಎರಡು ಬಗೆಯ ಡೊಮೇನ್ ಇರುತ್ತವೆ. ತೆಂಗಿನಕಾಯಿ ಕೀಳುವ ದೋಟಿ ನೋಡಿದ್ದೀರಲ್ಲ? ಕೊಕ್ಕೆ ಗೊನೆಗೆ ಸಿಕ್ಕಿಕೊಳ್ಳಬೇಕು, ಕುಡುಗೋಲು ಕುಯ್ಯಬೇಕು. ಹಾಗೆಯೇ ಒಂದು ಡೊಮೇನ್ ಭಿತ್ತಿಯನ್ನು ಹಿಡಿಯುತ್ತದೆ, ಇನ್ನೊಂದು ಕಡಿಯುತ್ತದೆ. ಬ್ಯಾಕ್ಟೀರಿಯವನ್ನೇ ತಿಂದು ಬದುಕುವ ಫೇಜ್ ಎಂಬ ವೈರಸ್‌ಗಳಲ್ಲಿ ಇಂತಹ ಕಿಣ್ವಗಳು ಹೇರಳ. ಬ್ಯಾಕ್ಟೀರಿಯದೊಳಗೆ ನುಗ್ಗಲು ಒಂದು, ಮರಿಗಳೊಂದಿಗೆ ಒಡೆದು ಹೊರಬರಲು ಇನ್ನೊಂದು.

ಜಯನಗರದಲ್ಲೋ ಬನಶಂಕರಿಯಲ್ಲೋ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಯಶವಂತಪುರ ಸಿಗುತ್ತದೆ. ಫೇಜ್‌ಗಳಿಂದ ಔಷಧಿ ಮಾಡಲು ಹೊರಟ ಗಂಗಾಜೆನ್ ಎಂಬ ಕಂಪನಿ ಆ ಭಾಗದಲ್ಲೇ ಕೆಲಸ ಮಾಡಿತು. ಗಂಗೆಯ ಹೆಸರೇಕೆ? ಗಂಗಾ, ಯಮುನಾ ನದಿಗಳ ನೀರು ಕಾಲರಾ ರೋಗಾಣುವನ್ನು ಕೊಲ್ಲುತ್ತದೆ ಎಂದು 1896ರಲ್ಲಿಯೇ ಹ್ಯಾಂಕಿನ್ ಎಂಬ ವಿಜ್ಞಾನಿ ಬರೆದಿದ್ದರು. ಅದು ಫೇಜ್‌ಗಳ ಕೆಲಸವಿರಬಹುದು ಎಂದು ಮುಂದೆ ಹಲವರು ಭಾವಿಸಿದರು. ಈ ಕಂಪನಿಯ ವಿಜ್ಞಾನಿಗಳು ಮಾಡಿದ್ದು ಅಕ್ಷರಶಃ ದೋಟಿ ಕಟ್ಟುವ ಕೆಲಸ. ಕಡಿಯುವ ಡೊಮೇನನ್ನು ಫೇಜ್ ಕೆ ಎಂಬ ವೈರಸ್ಸಿನ ಬಾಲದ ಕಿಣ್ವದಿಂದ ತೆಗೆದುಕೊಂಡರು. ಹಿಡಿಯುವ ಡೊಮೇನನ್ನು ಲೈಸೊಸ್ಟಾಫಿನ್ ಎಂಬ ಇನ್ನೊಂದು ಕಿಣ್ವದಿಂದ ತಂದರು. ಅದು ಒಂದು ಬ್ಯಾಕ್ಟೀರಿಯ ತನ್ನ ದಾಯಾದಿ ಬ್ಯಾಕ್ಟೀರಿಯಗಳನ್ನು ಕೊಲ್ಲಲು ತಯಾರಿಸುವಂಥದ್ದು. ಎರಡನ್ನೂ ಜೋಡಿಸಿ ಬಂದ ಪ್ರೋಟೀನಿಗೆ ಪಿ128 ಎಂದು ಹೆಸರಿಟ್ಟರು. ಅದರ ವಿವರ 2011 ಮತ್ತು 2012ರಲ್ಲಿ ಪ್ರಕಟವಾಯಿತು. ಮೆಥಿಸಿಲಿನ್‌ಗೂ ಬಗ್ಗದ ಸ್ಟ್ಯಾಫಿಲೊಕಾಕಸ್ ಪ್ರಯೋಗಾಲಯದಲ್ಲಿ ಇದರ ಮುಂದೆ ಒಡೆದುಹೋಯಿತು. ಈ ರೋಗಾಣು ಎಷ್ಟೋ ಜನರ ಮೂಗಿನಲ್ಲಿ ಸುಮ್ಮನೆ ಮನೆ ಮಾಡಿಕೊಂಡಿರುತ್ತದೆ. ಆದ್ದರಿಂದ ಮನುಷ್ಯರ ಮೇಲಿನ ಮೊದಲ ಪರೀಕ್ಷೆಯಲ್ಲಿ ಪಿ128 ಅನ್ನು ಹಚ್ಚಿದ್ದು ಮೂಗಿನ ಹೊಳ್ಳೆಗಳ ಒಳಗೆ. ಫ್ಲೆಮಿಂಗ್ ತಮ್ಮ ಮೊದಲ ಕತ್ತರಿಯನ್ನು ಕಂಡದ್ದೂ ಮೂಗಿನಲ್ಲೇ!

ಆ ಹಳದಿ ಬ್ಯಾಕ್ಟೀರಿಯ ಏನಾಯಿತು ಎಂದಿರಾ? ಅದಕ್ಕೆ ಈಗ ಮೈಕ್ರೊಕಾಕಸ್ ಲೂಟಿಯಸ್ ಎಂದು ಹೆಸರು. ಲೈಸೋಜೈಮ್ ಎಷ್ಟು ಚುರುಕಾಗಿದೆ ಎಂದು ಅಳೆಯಲು ಪ್ರಯೋಗಾಲಯಗಳಲ್ಲಿ ಇಂದಿಗೂ ಬಳಸುವುದು ಅದನ್ನೇ. ಮುಂದೆ ನೀವು ಕಾಲೇಜಿನಲ್ಲಿ ಜೀವರಸಾಯನ ಓದಿದರೆ, ಮಬ್ಬು ನೀರಿನ ಪ್ರನಾಳವೊಂದನ್ನು ನಿಮ್ಮ ಕೈಗೂ ಕೊಟ್ಟಾರು. ಮೊಟ್ಟೆಯಿಂದ ತೆಗೆದ ಲೈಸೋಜೈಮನ್ನು ಒಂದು ತೊಟ್ಟು ಹಾಕಿ, ಗಡಿಯಾರ ನೋಡುತ್ತ ನಿಲ್ಲಬೇಕು, ನೀರು ತಿಳಿಯಾಗುವವರೆಗೆ.